ಎರಡೂ ಒಂದೇ ಮಾಲು ಅಲ್ವಾ?

ಮಂಗಳವಾರದಿಂದ ಒಂದು ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. "ನನಗೆ ಈ ಡಿಸೈನು ಗಿಸೈನು ತಿಳಿಯಲ್ಲ ಮೇಡಂ. ಆದ್ರೆ ಎರಡೂ ಒಂದೇ ಮಾಲು ಅಲ್ವಾ?"

ಹೇಳಿದವರು ಕ್ಲೈಂಟ್ ಕಡೆಯ ಗೋದಾಮು ನೋಡಿಕೊಳ್ಳುವವರು. ಮೀಟಿಂಗಿಗೆ ಅವರನ್ನು ಯಾರೂ ಕರೆದಿರಲಿಲ್ಲ. ಸ್ಯಾಂಪಲ್ ಪೆಟ್ಟಿಗೆ ತಂದಿಟ್ಟು ಬಾಗಿಲ ಹತ್ತಿರ ನಿಂತಿದ್ದರು, ಅಷ್ಟೆ. ಮೇಜಿನ ಮೇಲೆ ನಮ್ಮ ಎರಡು ತಿಂಗಳ ಕೆಲಸ, ನೆಲ ಒರೆಸುವ ದ್ರವದ ಎರಡು ಬಾಟಲಿ. ಹಸಿರು ಪಟ್ಟಿಯದನ್ನು ಹಾಗೆಯೇ ಬಳಸಬಹುದು. ಇಟ್ಟಿಗೆ ಬಣ್ಣದ ಪಟ್ಟಿಯದು ಗಟ್ಟಿ ದ್ರವ, ನೀರು ಬೆರೆಸಿಯೇ ಬಳಸಬೇಕು. ಮಿಕ್ಕಿದ್ದೆಲ್ಲ ತದ್ರೂಪ: ಅದೇ ಬಾಟಲಿ, ಅದೇ ಮುಚ್ಚಳ, ಅದೇ ಅಕ್ಷರ. ಆ ತದ್ರೂಪದ ಬಗ್ಗೆಯೇ ನಾನು ಇಪ್ಪತ್ತು ನಿಮಿಷ ಹೆಮ್ಮೆಯಿಂದ ಮಾತಾಡಿದ್ದೆ.

ಎಲ್ಲರೂ ನಕ್ಕರು. ಮಾರ್ಕೆಟಿಂಗ್ ನೋಡಿಕೊಳ್ಳುವವರದ್ದೇ ದೊಡ್ಡ ನಗು. "ಇನ್ನೂ ಸ್ವಲ್ಪ ಪ್ರೀಮಿಯಂ ಫೀಲ್ ಬರಲಿ" ಎಂದು ಎರಡು ತಿಂಗಳಿಂದ ಹೇಳುತ್ತಿರುವ ಮನುಷ್ಯ. ಪ್ರೀಮಿಯಂ ಅಂದರೆ ಏನು ಅಂತ ಒಮ್ಮೆಯೂ ಬಾಯಿ ಬಿಟ್ಟಿಲ್ಲ. ಮಾಲೀಕರು ಮುಗುಳ್ನಕ್ಕರು. (ಒಳ್ಳೆಯವರು. ಹೇಳಿದ ದಿನಕ್ಕೆ ದುಡ್ಡು ಹಾಕುತ್ತಾರೆ. ನಮ್ಮ ಕಸುಬಿನಲ್ಲಿ ಒಬ್ಬರ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಹೇಳಲಾಗುವುದಿಲ್ಲ.) ನಾನೂ ನಕ್ಕೆ. "ಬಣ್ಣ ನೋಡಿ ಸರ್, ಬೇರೆ ಬೇರೆ ಇದೆ" ಅಂದೆ.

ಅವರು ಬಗ್ಗಿ ನೋಡಿದರು. ಒಂದನ್ನು ಕೈಗೆತ್ತಿಕೊಂಡು ಇನ್ನೊಂದರ ಪಕ್ಕ ಹಿಡಿದರು. "ಇರ್ಬೇಕು ಬಿಡಿ" ಎಂದು ಇಟ್ಟುಬಿಟ್ಟರು.

ಆ "ಇರ್ಬೇಕು ಬಿಡಿ" ರಾತ್ರಿ ನಿದ್ದೆ ಕೆಡಿಸಿತು. ಎದ್ದು ಫೈಲ್ ತೆರೆದೆ. ಬಣ್ಣಗುರುಡು ಇರುವವರಿಗೆ ಚಿತ್ರ ಹೇಗೆ ಕಂಡೀತು ಎಂದು ತೋರಿಸುವ ಸೌಲಭ್ಯ ಫೋಟೋಶಾಪಿನಲ್ಲೇ ಇದೆ, ಪ್ರೂಫ್ ಸೆಟಪ್ ಒಳಗೆ. ಅದು ಅಲ್ಲಿದೆ ಅಂತ ವರ್ಷಗಳಿಂದ ಗೊತ್ತು, ಒಂದು ದಿನವೂ ಒತ್ತಿರಲಿಲ್ಲ. ಒತ್ತಿದೆ. ಹಸಿರೂ ಇಟ್ಟಿಗೆ ಬಣ್ಣವೂ ಒಟ್ಟಿಗೇ ಮಾಸಲು ಸಾಸಿವೆ ಬಣ್ಣಕ್ಕೆ ತಿರುಗಿದವು. ಬಣ್ಣ ಪೂರ್ತಿ ತೆಗೆದು ಬೂದು ಮಾಡಿದೆ. ಆಗಲೂ ಅಷ್ಟೇ, ಎರಡರ ಗಾಢತೆ ಒಂದೇ. ವ್ಯತ್ಯಾಸ ಹೇಳುವ ಅಕ್ಷರ ಇತ್ತು, ಕೆಳಗಡೆ, 7 ಪಾಯಿಂಟಿನಲ್ಲಿ. ಅಷ್ಟು ಸಣ್ಣದು ಮಾಡಿದ್ದು "ಉಸಿರಾಡಲು ಜಾಗ ಬೇಕು" ಅಂತ. ಉಸಿರಾಡಬೇಕಾದದ್ದು ಯಾರು, ಬಾಟಲಿಯೇ?

ಅವರಿಗೆ ಬಣ್ಣಗುರುಡು ಇದೆಯೋ, ಗೋದಾಮಿನ ಮಬ್ಬು ಬೆಳಕಿಗೆ ಒಗ್ಗಿದ ಕಣ್ಣೋ, ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8%ರಷ್ಟು ಮಂದಿಗೆ ಕೆಂಪು-ಹಸಿರಿನ ಗೊಂದಲ ಇದೆ ಎಂಬ ಲೆಕ್ಕ ನಮ್ಮ ಕಸುಬಿನ ಎಲ್ಲರಿಗೂ ಬಾಯಿಪಾಠ. ಅರ್ಥವನ್ನು ಬಣ್ಣವೊಂದರ ಮೇಲೇ ಹೇರಬೇಡಿ ಎಂದು ವೆಬ್‌ನ ಮಾರ್ಗಸೂಚಿ 1999ರಲ್ಲೇ ಹೇಳಿದೆ. ಇದನ್ನೆಲ್ಲ ನಾನೇ ಹೊಸಬರಿಗೆ ಪಾಠ ಮಾಡಿದ್ದೇನೆ. ಪರಮಾಣುವಿನ ಜಾನ್ ಡಾಲ್ಟನ್ ಕಥೆಯನ್ನೂ ಹೇಳುತ್ತೇನೆ: 1792ರಲ್ಲಿ ಒಂದು ಜೆರೇನಿಯಂ ಹೂ ಹಗಲಲ್ಲಿ ಒಂದು ಬಣ್ಣ, ಮೇಣದ ಬತ್ತಿಯ ಬೆಳಕಲ್ಲಿ ಇನ್ನೊಂದು ಬಣ್ಣ ಕಂಡಾಗಲೇ ತನ್ನ ಕಣ್ಣು ಬೇರೆ ಅಂತ ಆತನಿಗೆ ಖಚಿತವಾಗಿದ್ದು. ತನ್ನ ಕಣ್ಣೊಳಗಿನ ದ್ರವ ನೀಲಿ ಇರಬೇಕು ಎಂದು ನಂಬಿದ್ದ. ಅಷ್ಟು ದೊಡ್ಡ ವಿಜ್ಞಾನಿಯೂ ದೋಷವನ್ನು ಹುಡುಕಿದ್ದು ತನ್ನೊಳಗೆ. ಅವನದ್ದೇನೋ ನಿಜವಾಗಿಯೂ ಅಲ್ಲೇ ಇತ್ತು. ನಮ್ಮ ಗೋದಾಮಿನವರೂ "ನನಗೆ ತಿಳಿಯಲ್ಲ" ಎಂದು ತಮ್ಮೊಳಗೇ ಹುಡುಕಿಕೊಂಡರು. ದೋಷ ಇದ್ದದ್ದು ನನ್ನ ಬಾಟಲಿಯಲ್ಲಿ.

"ನನಗೆ ಡಿಸೈನ್ ತಿಳಿಯಲ್ಲ" ಎನ್ನುವ ಆ ಪೀಠಿಕೆಯನ್ನು ಜನರಿಗೆ ಕಲಿಸಿದ್ದು ಯಾರು? ನಾವೇ. ಕರ್ನಿಂಗ್, ಗ್ರಿಡ್, ಬಿಳಿ ಜಾಗ ಅಂತ ಮಂತ್ರ ಹಾಕಿ ಹಾಕಿ, ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಕ್ಷಮೆ ಕೇಳುವ ಹಾಗೆ ಮಾಡಿಟ್ಟಿದ್ದೇವೆ. ಅವರನ್ನು "ನಾನ್-ಡಿಸೈನರ್" ಅಂತ ಕರೆಯುತ್ತೇವೆ. ಮನೆ ಕಟ್ಟುವ ಮೇಸ್ತ್ರಿ ಆ ಮನೆಯಲ್ಲಿ ಬಾಳುವವರನ್ನು "ಮೇಸ್ತ್ರಿಯಲ್ಲದವರು" ಅನ್ನುತ್ತಾನೆಯೇ? ಧೈರ್ಯವಾಗಿ ಮಾತಾಡುವವರು ಮಾರ್ಕೆಟಿಂಗಿನವರೊಬ್ಬರೇ, ಅವರು ಹೇಳುವುದೋ ಬರೀ ಫೀಲು.

ಬುಧವಾರ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಕೇಳಿದಳು, "ಇದನ್ನ ಮೂರನೇ ರಿವಿಷನ್ ಅಂತ ಬಿಲ್ ಮಾಡೋದಾ ಮೇಡಂ?" ಒಪ್ಪಂದದ ಪ್ರಕಾರ ಎರಡು ಸುತ್ತು ಬದಲಾವಣೆ ನಮ್ಮ ಲೆಕ್ಕ, ಮೂರನೆಯದಕ್ಕೆ ದುಡ್ಡು. ಡಿಸೈನಿಗೆ ಅವರು ಒಪ್ಪಿಗೆಯೂ ಕೊಟ್ಟಾಗಿತ್ತು. "ನಿಮ್ಮವರೇ ಕೇಳಿದ ಬದಲಾವಣೆ" ಎಂದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಸುಳ್ಳೇಕೆ, ಅರ್ಧ ದಿನ ಯೋಚಿಸಿದೆ. ಆ ತಿಂಗಳ ಸಂಬಳದ ಲೆಕ್ಕವೂ ಕಣ್ಣ ಮುಂದೆ ಬಂತು. ಸಂಜೆ ಮಾಲೀಕರಿಗೆ ಫೋನ್ ಮಾಡಿ ತಪ್ಪು ನಮ್ಮದು, ಸರಿ ಮಾಡಿಕೊಡುತ್ತೇವೆ ಅಂದೆ. ಅವರು "ಯಾವ ತಪ್ಪು?" ಅಂದರು. ಅವರಿಗೆ ಆ ಮಾತು ನೆನಪೇ ಇರಲಿಲ್ಲ.

ಈಗ ಗಟ್ಟಿ ದ್ರವದ ಪಟ್ಟಿಯ ಮೇಲೆ ದಪ್ಪ ಓರೆ ಗೆರೆಗಳಿವೆ. "ನೀರು ಬೆರೆಸಿ ಬಳಸಿ" ಎನ್ನುವುದು ಮಾರು ದೂರದಿಂದ ಕಾಣುತ್ತದೆ. ಮೊದಲಿನಷ್ಟು ಚಂದ ಇಲ್ಲ. ಅದನ್ನು ಒಪ್ಪಿಕೊಳ್ಳಲು ಇನ್ನೂ ಹೊಟ್ಟೆ ಉರಿಯುತ್ತದೆ.

ನಾಳಿದ್ದು ಮತ್ತೆ ಮೀಟಿಂಗ್. ಇವತ್ತು ಬಂದ ಆಹ್ವಾನದಲ್ಲಿ ಐದು ಹೆಸರಿವೆ, ಗೋದಾಮಿನವರದ್ದಿಲ್ಲ. ಅವರನ್ನೂ ಕರೆಯಿರಿ, ಕೂರಲು ಕುರ್ಚಿಯೂ ಇರಲಿ ಎಂದು ಬರೆದಿದ್ದೇನೆ. "ಅವರ್ಯಾಕೆ?" ಅಂತ ಮಾರ್ಕೆಟಿಂಗಿನವರ ಉತ್ತರ ಬಂದಿದೆ.