ಚೇಳು ಲಾಗ್, ಹನ್ನೊಂದನೇ ವಾರ: ದಾರಿ ಸಿಕ್ಕಿತು, ಬೆರಳೂ ಸಿಕ್ಕಿತು

ಕರೆಂಟ್ ಹೊಡೆಯಿತು ಅಂದುಕೊಂಡೆ. ನಡುಮನೆಯ ಸ್ವಿಚ್ ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ, ಬೋರ್ಡನ್ನು ಗೋಡೆಯಿಂದ ಎರಡಿಂಚು ಈಚೆಗೆ ಎಳೆದು, ಹಿಂದೆ ಎಷ್ಟು ಜಾಗ ಇದೆ ಅಂತ ತಿಳಿಯಲು ಎಡಗೈಯ ಎರಡು ಬೆರಳು ತೂರಿಸಿದ್ದೆ. ಉಂಗುರದ ಬೆರಳ ತುದಿಗೆ ಕಾಯಿಸಿದ ದಬ್ಬಳ ಇಳಿದ ಹಾಗಾಯಿತು. ಕೈ ಕಿತ್ತುಕೊಂಡು ಮೊದಲು ನೋಡಿದ್ದು ಮೇನ್ ಸ್ವಿಚ್. ಆಫ್ ಇತ್ತು. ಸಾಲದ್ದಕ್ಕೆ ಊರಿಗೇ ಕರೆಂಟ್ ಇರಲಿಲ್ಲ. ಯುವಿ (ಅತಿನೇರಳೆ) ಟಾರ್ಚ್ ಹಿಡಿದೆ, ಅದರ ಬೆಳಕಿಗೆ ಚೇಳು ಹೊಳೆಯುತ್ತದೆ. ಕೆಂಪು, ಕಪ್ಪು ವೈರುಗಳ ಸಂದಿಯಲ್ಲಿ ಹಸಿರು ನೀಲಿಯಾಗಿ ಹೊಳೆಯುತ್ತ, ಚೇಳೊಂದು ಕೊಂಡಿ ಎತ್ತಿಕೊಂಡೇ ಕೂತಿತ್ತು. ಬೆನ್ನ ಮೇಲೆ ನಾನಿಟ್ಟ ಬಣ್ಣದ ಚುಕ್ಕೆ ಇರಲಿಲ್ಲ.

"ಸಿಕ್ತು!" ಅಂತ ಕಿರುಚಿದೆ. ಅಡುಗೆಮನೆಯಿಂದ ಅಮ್ಮ "ಏನೋ ಸಿಕ್ತು?" ಅಂದಳು. "ಚೇಳು ಒಳಗೆ ಬರೋ ದಾರಿ ಸಿಕ್ತಮ್ಮ" ಅಂದೆ. ಆಮೇಲೆ ನೋವು ಮೊಣಕೈವರೆಗೆ ಬಂತು, ಮಾತು ನಿಂತಿತು.

ಆ ಚುಕ್ಕೆಯ ವಿಷಯ ಹೇಳಬೇಕು. ಟಾರ್ಚು, ಉದ್ದ ಇಕ್ಕಳ, ಡಬ್ಬಿ ಹಿಡಿದು ದಿನಾ ರಾತ್ರಿ ಎಂಟೂವರೆಗೆ ಮನೆ ಸುತ್ತಿ ಚೇಳು ಹಿಡಿದು ಎಣಿಸುತ್ತೇನೆ, ಹಳಬರಿಗೆ ಇದು ಗೊತ್ತಿರುವುದೇ. ಯುಗಾದಿಯಿಂದ ನನ್ನನ್ನು ತಿಂದದ್ದು ಒಂದೇ ಲೆಕ್ಕ. ಪಾವಗಡದ ಕಡೆಯ ಹಳೇ ಕಲ್ಲುಮನೆ ನಮ್ಮದು. ಎರಡು ಪದರದ ಕಲ್ಲಿನ ಗೋಡೆ, ನಡುವೆ ಕೆಮ್ಮಣ್ಣು, ಮೇಲೆ ಚಪ್ಪಡಿ. ಮೊದಲ ಹದಿನಾಲ್ಕು ರಾತ್ರಿಯಲ್ಲಿ ಮನೆಯೊಳಗೆ ಹಿಡಿದದ್ದು 19. ಸರಿ, ಹೊರಗಿನಿಂದ ಬರುತ್ತಿವೆ, ಹೊರಗೋಡೆಯ ಸಂದಿ ಮುಚ್ಚಿದರಾಯಿತು ಅಂತ ಗಾರೆ ಕಲೆಸಿದೆ. ಮೂರು ವಾರ, ಏಣಿ ಹತ್ತಿ ಇಳಿದು, ಅಡಿಪಾಯದಿಂದ ಸೂರಿನವರೆಗೆ ಮೆತ್ತಿದೆ. ಮೆತ್ತಿ ಮುಗಿದ ಮೇಲಿನ ಹದಿನಾಲ್ಕು ರಾತ್ರಿಯಲ್ಲಿ ಒಳಗೆ ಸಿಕ್ಕಿದ್ದು 33.

ಇದನ್ನು ಬರೆದುಕೊಂಡ ರಾತ್ರಿ ನೋಟ್‌ಬುಕ್ಕನ್ನು ಮೂಲೆಗೆ ಎಸೆದಿದ್ದೆ. ಬೆಳಿಗ್ಗೆ ಹೋಗಿ ಎತ್ತಿಕೊಂಡೆ, ಎತ್ತುವ ಮುಂಚೆ ಟಾರ್ಚ್ ಬಿಟ್ಟು ನೋಡಿದೆ ಅನ್ನುವುದು ಬೇರೆ ಮಾತು.

ಗಾರೆ ಸರಿಯಿಲ್ಲವೇನೋ ಅನ್ನಿಸಿತು. ಪೂರ್ವದ ಗೋಡೆಗೆ ಆತುರದಲ್ಲಿ ಸಿಮೆಂಟ್ ಹಚ್ಚಿದ್ದೆ, ಉಳಿದ ಮೂರಕ್ಕೆ ಸುಣ್ಣ ಮರಳು. ಸಿಮೆಂಟು ಮಣ್ಣಿನ ಗೋಡೆಯ ಜತೆ ಸಂಸಾರ ಮಾಡುವುದಿಲ್ಲ, ನಿಮಗೂ ಗೊತ್ತು. ಗೋಡೆ ಉಸಿರಾಡಿದಾಗ ಅದು ಹಪ್ಪಳದ ಹಾಗೆ ಬಿಟ್ಟುಕೊಂಡು, ಹಿಂದೆ ಸರಿಯಾಗಿ ನಾಲ್ಕು ಮಿಲಿಮೀಟರ್ ಸಂದಿ ಮಾಡಿಕೊಟ್ಟಿತ್ತು. ಚೇಳಿಗೆ ಬಾಡಿಗೆ ಇಲ್ಲದ ಅಪಾರ್ಟ್‌ಮೆಂಟು. ಅದನ್ನು ಕಿತ್ತು ಸುಣ್ಣದ ಗಾರೆ ಹಾಕಿದೆ. ಒಳಗಿನ ಲೆಕ್ಕ ಇಳಿಯಲಿಲ್ಲ.

ಮಧ್ಯೆ ಫೋಮಿನ ಕತೆಯೂ ನಡೆಯಿತು. ಸಂದಿ ತುಂಬಲು ಆನ್‌ಲೈನಿನಲ್ಲಿ ತರಿಸಿದ, ಉಬ್ಬಿ ಗಟ್ಟಿಯಾಗುವ ಪಿಯು ಫೋಮ್ ಕ್ಯಾನು ಎರಡು. ಒಂದರ ನಳಿಕೆ ಬರುವ ಮೊದಲೇ ಕಲ್ಲಾಗಿತ್ತು. ಇನ್ನೊಂದು "ಡೆಲಿವರಿ ಆಗಿದೆ" ಅಂತ ಮೆಸೇಜು ಬಂದ ಒಂಬತ್ತನೇ ದಿನ ಪಕ್ಕದ ಊರಿನ ಗೊಬ್ಬರದಂಗಡಿಯಲ್ಲಿ ಸಿಕ್ಕಿತು. ಸ್ಟೀಲ್ ಜಾಲರಿ ಕೇಳಿದ್ದಕ್ಕೆ ಸೊಳ್ಳೆ ಪರದೆಯ ಅಲ್ಯೂಮಿನಿಯಂ ಬಂತು, ಬೆರಳಲ್ಲಿ ತಿವಿದರೆ ಹರಿಯುತ್ತದೆ. ಎಲ್ಲರಿಗಿಂತ ದೊಡ್ಡವನು "365" ಅಂತ ಅಚ್ಚು ಹಾಕಿ 395 ನ್ಯಾನೋಮೀಟರ್ (ಬೆಳಕಿನ ಅಲೆಯುದ್ದದ ಅಳತೆ) ಯುವಿ ಟಾರ್ಚ್ ಕಳಿಸಿದ ಮಹಾನುಭಾವ. ನೇರಳೆ ಬೆಳಕು ಕಣ್ಣಿಗೆ ಹೊಡೆದು, ಮಸುಕಾಗಿ ಹೊಳೆಯುವ ಮರಿಗಳು ಅದರಲ್ಲೇ ಮುಳುಗಿಹೋಗುತ್ತಿದ್ದವು. ಹಗ್ಗದ ಮೇಲಿದ್ದ ಅಪ್ಪನ ಪಂಚೆ ಮಾತ್ರ ಡಿಟರ್ಜೆಂಟಿನ ದೆಸೆಯಿಂದ ಸಿನಿಮಾ ಟಾಕೀಸಿನ ಬೋರ್ಡಿನಂತೆ ಬೆಳಗುತ್ತಿತ್ತು. ಈಗಿನ ಟಾರ್ಚಿಗೆ ಮುಂದೆ, ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಯುವಿಯನ್ನಷ್ಟೇ ಬಿಡುವ ಕಪ್ಪು ಝಡ್‌ಡಬ್ಲ್ಯೂಬಿ2 ಗಾಜು ಇದೆ. ಗೋಡೆ ಕಪ್ಪಗೇ ಉಳಿಯುತ್ತದೆ, ಚೇಳು ಮಾತ್ರ ಕಾಣುತ್ತದೆ.

ಲೆಕ್ಕಕ್ಕೆ ಬರೋಣ. ಒಳಗಿನವು ಹೊರಗಿನಿಂದ ಬಂದವೇ ಅಲ್ಲವೇ ಅನ್ನುವುದನ್ನು ಊಹೆ ಮಾಡುವುದು ಬಿಟ್ಟು ಗುರುತು ಹಾಕಿಯೇ ನೋಡೋಣ ಅಂತ ಉಗುರುಬಣ್ಣ ಹಿಡಿದೆ. ಮೊದಲನೆಯದು ತಂಗಿಯದು, ಗುಲಾಬಿ. ಹಚ್ಚಿ ಟಾರ್ಚ್ ಬಿಟ್ಟರೆ ಚೇಳಿಗಿಂತ ಜೋರಾಗಿ ಕಿತ್ತಳೆ ಬಣ್ಣಕ್ಕೆ ಉರಿಯಿತು, ಹಣೆಗೆ ಕುಂಕುಮ ಇಟ್ಟುಕೊಂಡ ಹಾಗೆ. ಕಡುಗೆಂಪು ಸರಿಹೋಯಿತು. ಹೊಳೆಯುವ ಬೆನ್ನಿನ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಇಕ್ಕಳದ ತುದಿಗೆ ಸ್ಪಂಜು ಸುತ್ತಿ, ಬಾಲದ ನಡುವಿನ ಗೆಣ್ಣು ಹಿಡಿದು ಟೈಲ್ಸಿನ ಮೇಲೆ ಒತ್ತಿ, ಬೆನ್ನಿನ ನಾಲ್ಕನೇ ಪಟ್ಟಿಯ ಮೇಲೆ ಬೆಂಕಿಕಡ್ಡಿ ತುದಿಯಿಂದ ಒಂದು ಚುಕ್ಕೆ. ಕಣ್ಣು ತಲೆಯ ಮೇಲೆ ಮಧ್ಯದಲ್ಲೇ ಇರುವುದರಿಂದ ಮುಂದಕ್ಕೆ ಹಚ್ಚಬಾರದು. ಪಟ್ಟಿ ಪಟ್ಟಿ ಸೇರುವ ಕಡೆಯೂ ಬೇಡ, ಅದಕ್ಕೆ ಬಾಗಲು ಆಗುವುದಿಲ್ಲ. ಬಲಿತವು ಮತ್ತೆ ಪೊರೆ ಬಿಡುವುದಿಲ್ಲ, ಹಾಗಾಗಿ ಚುಕ್ಕೆ ಸುಮಾರು ಕಾಲ ನಿಲ್ಲುತ್ತದೆ. ಒಣಗುವವರೆಗೆ ಊದುತ್ತ ಕೂತಿದ್ದೆ. ಅಮ್ಮ ಅದನ್ನು ನೋಡಿ ಏನೂ ಹೇಳದೆ ಒಳಗೆ ಹೋದಳು.

ಪಾಗಾರ, ಸೌದೆ ಒಟ್ಟಿದ ಜಾಗ, ಬಚ್ಚಲ ಹಿಂದಿನ ಕಲ್ಲುರಾಶಿ, ಎಲ್ಲ ಸೇರಿ 41ಕ್ಕೆ ಚುಕ್ಕೆ ಇಟ್ಟು ಹಿಡಿದ ಜಾಗದಲ್ಲೇ ಬಿಟ್ಟೆ. ಮುಂದಿನ ರಾತ್ರಿಗಳಲ್ಲಿ ಪಾಗಾರದ ಮೇಲೆ ಚುಕ್ಕೆಯವು ಮತ್ತೆ ಮತ್ತೆ ಸಿಕ್ಕವು, ಹೆಚ್ಚಿನವು ಅದೇ ಕಲ್ಲಿನಿಂದ ಒಂದೆರಡು ಮಾರು ದೂರದಲ್ಲಿ. ಮನೆಯೊಳಗೆ ಚುಕ್ಕೆಯದು ಒಂದೂ ಇಲ್ಲ. ಒಂದೂ.

ಆಗ ಹೊಳೆಯಿತು ನಾನು ಮಾಡಿದ ಘನಂದಾರಿ ಕೆಲಸ. ಇವು ಹೊರಗಿನಿಂದ ಬರುವ ನೆಂಟರಲ್ಲ, ಗೋಡೆಯ ಹೊಟ್ಟೆಯಲ್ಲೇ ಇರುವ ಮನೆಮಂದಿ. ರಾತ್ರಿ ಹೊರಗಿನ ಸಂದಿಯಿಂದ ಆಚೆ ಹೋಗಿ, ಹುಳ ಹುಪ್ಪಟೆ ತಿಂದು ಗೋಡೆಗೇ ಮರಳುತ್ತಿದ್ದವು. ದಾರಿ ತಪ್ಪಿದ ಒಂದೆರಡು ಮಾತ್ರ ಒಳಗೆ ಇಳಿಯುತ್ತಿದ್ದವು. ನಾನು ಆಚೆಯ ಬಾಗಿಲನ್ನೆಲ್ಲ ಗಾರೆಯಿಂದ ಬಿಗಿದು, ಅಷ್ಟನ್ನೂ ನಡುಮನೆಗೆ ಕರೆದಿದ್ದೆ. ಚೇಳಿಗೆ ಪಾರುಪತ್ಯ ಕೊಟ್ಟದ್ದು ಅಂತಾರಲ್ಲ, ಕೊಟ್ಟವನು ನಾನೇ.

ಆದರೆ ಒಳಗೆ ಎಲ್ಲಿಂದ ಇಳಿಯುತ್ತವೆ? ಒಳಗೋಡೆಗೆ ಪೂರ್ತಿ ಗಿಲಾವು ಇದೆ, ಸುಣ್ಣ ಇದೆ, ಕೂದಲೆಳೆ ಬಿರುಕಿಲ್ಲ. ಕಿಟಕಿ, ಬಚ್ಚಲ ತೂಬು, ಬಾಗಿಲ ದಾರಂದ, ಎಲ್ಲ ನೋಡಿದ್ದೆ. ನಾಲ್ಕು ರಾತ್ರಿ ಕುರ್ಚಿ ಹಾಕಿಕೊಂಡು ಕತ್ತಲಲ್ಲಿ ಕೂತೆ. ನಾಲ್ಕನೇ ರಾತ್ರಿ ಒಂದೂಕಾಲಿಗೆ, ಬೋರ್ಡಿನ ಕೆಳ ಅಂಚಿಗಿಂತ ಗೇಣು ಕೆಳಗೆ ಒಂದು ಸಿಕ್ಕಿತು. ಗೋಡೆಯ ಮಧ್ಯೆ, ಮೇಲಿನಿಂದಲೂ ಕೆಳಗಿನಿಂದಲೂ ನಾಲ್ಕಡಿ ದೂರ. ಹತ್ತು ನಿಮಿಷದ ಹಿಂದಷ್ಟೇ ಆ ಗೋಡೆ ಖಾಲಿ ಇದ್ದದ್ದನ್ನು ನೋಡಿದ್ದೆ. ಅಲ್ಲಿಗೆ ಹಾರಿ ಬಂದಿರಲು ಅದೇನು ಜಿರಳೆಯೇ?

ಮನೆಗೆ ಮತ್ತೆ ವೈರಿಂಗ್ ಮಾಡಿದಾಗ ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪು ಹೂತಿದ್ದ. ಬೋರ್ಡಿಗೆ ಪೆಟ್ಟಿಗೆ ಕೂರಿಸಲು ಕಲ್ಲೊಂದನ್ನು ಕಿತ್ತು, ಹಿಂದೆ ಮುಷ್ಟಿಗಾತ್ರದ ಗುಂಡಿ ಹಾಗೇ ಬಿಟ್ಟಿದ್ದ, ಮಣ್ಣಿನ ಹೊಟ್ಟೆಗೆ ನೇರ ಕಿಂಡಿ. ಪೈಪಿನ ಮೇಲುತುದಿ ಅಟ್ಟದಲ್ಲಿ ಬಾಯಿ ತೆರೆದುಕೊಂಡಿದೆ. ಅಟ್ಟದಲ್ಲಿ ಏನಿದೆ? ಮೂರು ವರ್ಷದ ತೆಂಗಿನ ಚಿಪ್ಪು. ಇಂಥ ಬೋರ್ಡುಗಳು ಮನೆಯಲ್ಲಿ ಒಂಬತ್ತು. ದಿನಕ್ಕೆ ಆರು ಗಂಟೆ ಕರೆಂಟ್ ಇಲ್ಲದ ಊರಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಕೆಲಸ ಮಾಡುತ್ತಿದ್ದ ಸ್ವಿಚ್ ಬೋರ್ಡು ಅಂದರೆ ಇವೇ. ಮಾರನೇ ದಿನ ಸಂಜೆ ಸ್ಕ್ರೂಡ್ರೈವರ್ ಹಿಡಿದೆ. ಮುಂದಿನದು ನಿಮಗೆ ಗೊತ್ತು. ಕಳ್ಳನಿಗೆ ಚೇಳು ಕಡಿದರೆ ಬಾಯಿ ಬಿಡುವ ಹಾಗಿಲ್ಲ ಅಂತಾರೆ. ಹನ್ನೊಂದು ವಾರ ಊರಿಗೆಲ್ಲ ಚೇಳಿನ ಪಾಠ ಹೇಳಿದವನಿಗೂ ಹಾಗೆಯೇ.

ಕುಟುಕಿದ್ದು ಕೆಂಚು ಚೇಳು. ಸಣ್ಣ ಇಕ್ಕುಳಿ, ದಪ್ಪ ಬಾಲ, ಅಂದರೆ ಹೆದರಬೇಕಾದ್ದೇ. ಹೊಲದಲ್ಲಿ ಸಿಗುವ ಅಂಗೈಯುದ್ದದ ಕರಿಚೇಳು ನೋಡಲು ಯಮ, ವಿಷ ಅಷ್ಟಕ್ಕಷ್ಟೆ. ಅಮ್ಮ ಹುಣಸೆಬೀಜ ತೇಯ್ದು ಬೆರಳಿಗೆ ಒತ್ತಿದಳು. ಬೀಜ ಅಂಟಿಕೊಂಡಿತು, ನೋವೂ ಅಂಟಿಕೊಂಡೇ ಇತ್ತು. ಮಂತ್ರ ಹಾಕುವವರನ್ನು ಕರೆಯಲು ಒಬ್ಬರು ಹೊರಟೇಬಿಟ್ಟಿದ್ದರು. ಬಹುಪಾಲು ಕುಟುಕು ಬರೀ ನೋವು ಕೊಟ್ಟು ಕೆಲವು ಗಂಟೆಯಲ್ಲಿ ತಾನೇ ಇಳಿಯುತ್ತದೆ, ಹೆಸರು ಮಂತ್ರಕ್ಕೆ ಬರುತ್ತದೆ. ಆದರೆ ಇದು ಆ ಬಹುಪಾಲಿನದ್ದೋ ಅಲ್ಲವೋ ಅಂತ ಕಾದು ನೋಡಲು ಮನಸ್ಸಿರಲಿಲ್ಲ. ಉಂಗುರ ತೆಗೆದೆ, ಫೋನಿನಲ್ಲಿ ಸಮಯ ಬರೆದೆ, 7:52. ಕಟ್ಟಲಿಲ್ಲ, ಕೊಯ್ಯಲಿಲ್ಲ. ಪಕ್ಕದ ಮನೆಯವರ ಬೈಕಿನ ಹಿಂದೆ ಕೂತು ಹದಿನಾಲ್ಕು ಕಿಲೋಮೀಟರ್. ರಸ್ತೆಯ ಪ್ರತಿ ಗುಂಡಿಯೂ ಬೆರಳಿಗೆ ಬಂದು ವರದಿ ಒಪ್ಪಿಸಿತು.

ಆಸ್ಪತ್ರೆಯಲ್ಲಿ ಬೆರಳ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಸ್ವರ್ಗ ಅಲ್ಲೇ ಎಲ್ಲೋ ಇದೆ. ಆಮೇಲೆ ಬಿಪಿ, ನಾಡಿ, ಗಂಟೆಗೊಮ್ಮೆ. ಬೆವರುತ್ತಿದೆಯೇ, ವಾಂತಿ ಬರುತ್ತಿದೆಯೇ, ಜೊಲ್ಲು ಹೆಚ್ಚಾಗಿದೆಯೇ, ಕೈಕಾಲು ತಣ್ಣಗಾಗಿವೆಯೇ? ಗಂಡಸರಿಗೆ ಹೇಳಿಕೊಳ್ಳಲು ನಾಚಿಕೆಯಾಗುವ ಇನ್ನೊಂದು ಲಕ್ಷಣವನ್ನೂ (ಕಾರಣವಿಲ್ಲದೆ ನಿಮಿರುವುದು) ಡಾಕ್ಟರು ಮುಖ ಸಪ್ಪಗೆ ಇಟ್ಟುಕೊಂಡೇ ಕೇಳಿದರು. ಅದು ನಾಚಿಕೆಪಡುವ ವಿಷಯವಲ್ಲ, ವಿಷ ಮೈಗೇರಿದ್ದರ ಗುರುತು, ಕೇಳದಿದ್ದರೂ ಹೇಳಬೇಕು. ನನಗೆ ಯಾವುದೂ ಇರಲಿಲ್ಲ, ಬರೀ ನೋವು. ಬೆಳಿಗ್ಗೆ ಕಳಿಸಿದರು.

ಆ ಲಕ್ಷಣಗಳು ಇದ್ದಿದ್ದರೆ ಪ್ರಾಜೋಸಿನ್ ಅನ್ನುವ ಗುಳಿಗೆ ಕೊಡುತ್ತಿದ್ದರು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡದಲ್ಲಿ ಕೂತು ಡಾ. ಹಿಮ್ಮತರಾವ್ ಬಾವಸ್ಕರ್ ಹುಡುಕಿದ ದಾರಿ ಅದು. ಈ ಕೆಂಚು ಚೇಳಿನ ವಿಷ ನರಗಳನ್ನು ಕೆರಳಿಸಿ ಮೈಯಲ್ಲಿ ಅಡ್ರಿನಲಿನ್‌ನ ಪ್ರವಾಹ ಹರಿಸುತ್ತದೆ, ಹೃದಯ ಸೋಲುತ್ತದೆ, ಪುಪ್ಪುಸದಲ್ಲಿ ನೀರು ತುಂಬುತ್ತದೆ. ಬಿಪಿಗೆ ಕೊಡುತ್ತಿದ್ದ ಅಗ್ಗದ ಗುಳಿಗೆ ಆ ಹೊಡೆತವನ್ನು ತಡೆಯುತ್ತದೆ ಅಂತ 1980ರ ದಶಕದಲ್ಲಿ ಅವರು ಹಳ್ಳಿಯ ರೋಗಿಗಳ ಮೇಲೆ ತೋರಿಸಿಕೊಟ್ಟರು. 2022ರಲ್ಲಿ ಪದ್ಮಶ್ರೀ ಬಂತು. ಗುಳಿಗೆ ಮನೆಯಲ್ಲಿಟ್ಟುಕೊಂಡು ನಾವೇ ನುಂಗುವಂಥದ್ದಲ್ಲ, ಬಿಪಿ ನೋಡಿಕೊಂಡು ಕೊಡಬೇಕು. ಮಕ್ಕಳಿಗೆ ಕುಟುಕಿದರೆ ಲಕ್ಷಣಕ್ಕೆ ಕಾಯಲೇಬೇಡಿ, ಗಾಡಿ ಹತ್ತಿ.

ಅಮ್ಮನ ತಕರಾರು ಬೇರೆ. ಟಾರ್ಚಿಗೂ ಫೋಮಿಗೂ ಸುರಿದ ದುಡ್ಡಿನಲ್ಲಿ ಕೋಲಾರಮ್ಮನ ಗುಡಿಗೆ ಹೋಗಿ, ಅಲ್ಲಿ ಒಳಗಿರುವ ಚೇಳಮ್ಮನಿಗೆ ಕಾಣಿಕೆ ಹಾಕಿ, ಮಸಾಲೆ ದೋಸೆ ತಿಂದು ಬರಬಹುದಿತ್ತಂತೆ. ಲೆಕ್ಕ ಹಾಕಿದೆ, ಎರಡು ಸಲ ಹೋಗಿ ಬರಬಹುದಿತ್ತು. ನನ್ನ ಕಣ್ಣಿರುವುದು ಯಾದಗಿರಿ ಜಿಲ್ಲೆಯ ಕಂದಕೂರಿನ ಮೇಲೆ. ನಾಗರಪಂಚಮಿಯ ದಿನ ಅಲ್ಲಿನ ಬೆಟ್ಟದಲ್ಲಿ ಜನ ಕಲ್ಲೆತ್ತಿ ಚೇಳು ಹಿಡಿದು ಕೈ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಯಾವ ಜಾತಿಯವು, ಎಷ್ಟು ಬಲಿತವು ಅಂತ ಹತ್ತಿರದಿಂದ ಫೋಟೋ ತೆಗೆಯಬೇಕು. ಹಗಲ ಜಾತ್ರೆ, ಯುವಿ ಟಾರ್ಚಿಗೆ ಕೆಲಸವಿಲ್ಲ. ಹಾಗಾಗಿ ಮ್ಯಾಕ್ರೋ ಲೆನ್ಸಿಗೆ ರಿಂಗ್ ಲೈಟ್ ಕಟ್ಟಲು ಶುರುಮಾಡಿದ್ದೇನೆ. ಎಲ್ಇಡಿ ಪಟ್ಟಿ ತರಿಸಿದ್ದೇನೆ. ಏನು ಬರುತ್ತದೋ ದೇವರೇ ಬಲ್ಲ.

ಈಗ ರಿಪೇರಿ. ಒಳಗಿನ ಬಾಯಿ ಮೊದಲು, ಹೊರಗಿನದು ಆಮೇಲೆ, ಇಷ್ಟೇ ಸರಿಯಾದ ಕ್ರಮ. ಒಂಬತ್ತು ಬೋರ್ಡುಗಳ ಹಿಂದಿನ ಗುಂಡಿಗೆ ಗಾರೆ ತುಂಬಿ, ಅಂಚಿಗೆ ಸಿಲಿಕೋನ್ ಎಳೆದೆ. ಪೈಪಿನ ಎರಡೂ ತುದಿಗೆ ಡಕ್ಟ್ ಪುಟ್ಟಿ. ಇಲಿಬಿಲಕ್ಕೆ ತುರುಕುವ ಸ್ಟೀಲ್ ವುಲ್ ಇಲ್ಲಿ ಖಂಡಿತ ಬೇಡ, ವೈರಿನ ಪಕ್ಕ ಲೋಹದ ಜೊಂಪೆ ಇಟ್ಟರೆ ಚೇಳಿನ ಜತೆ ಮನೆಯೂ ಹೋದೀತು. ಅಟ್ಟದ ಚಿಪ್ಪು ಖಾಲಿ. ಆಮೇಲೆ ಉಳಿ ಸುತ್ತಿಗೆ ಹಿಡಿದು, ಮೂರು ವಾರ ಮೆತ್ತಿದ ಹೊರಗಿನ ಗಾರೆಯನ್ನು ಜಾಗ ಜಾಗದಲ್ಲಿ ಕೆತ್ತಿ ತೆಗೆದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. "ಮೊನ್ನೆ ತಾನೇ ಹಚ್ಚಿದ್ರಲ್ಲ?" ಅಂದರು ಒಬ್ಬರು. "ಹೂಂ" ಅಂದೆ. ಕೋಳಿ ಸಾಕಿ, ಚೇಳೆಲ್ಲ ತಿಂದು ಹಾಕುತ್ತವೆ ಅಂತ ಸಲಹೆ ಕೊಟ್ಟು ಹೋದರು. ಕೋಳಿ ಆರಕ್ಕೆ ಮಲಗುತ್ತದೆ, ಚೇಳು ಎಂಟಕ್ಕೆ ಏಳುತ್ತದೆ. ಶಿಫ್ಟೇ ಬೇರೆ.

ಒಳಗಿನ ಲೆಕ್ಕ: ಮೊದಲ ರಾತ್ರಿ 2, ಎರಡನೆಯದು 1, ಆಮೇಲೆ ಸತತ ನಾಲ್ಕು ರಾತ್ರಿ ಸೊನ್ನೆ. ಕೆತ್ತಿದ ಹೊರಗಿನ ಸಂದಿಗಳಲ್ಲಿ ಚುಕ್ಕೆಯಿಲ್ಲದವು ಇಣುಕಲು ಶುರುವಾಗಿವೆ. ಒಂದು ರಾತ್ರಿ ಏಳು ಸಿಕ್ಕವು. ಡಬ್ಬಿಗೆ ಹಾಕಿ ಗುಡ್ಡದ ಬಂಡೆಗಳ ಹತ್ತಿರ ಬಿಟ್ಟು ಬಂದೆ.

ನಿನ್ನೆ ರಾತ್ರಿ ಬಚ್ಚಲಮನೆಯ ಬಿಳಿ ಬಕೆಟ್ಟಿನ ಬುಡದಲ್ಲಿ ಏನೋ ಮಸುಕಾಗಿ ಹೊಳೆಯಿತು. ದಾರದ ತುಂಡು ಅಂದುಕೊಂಡು ಬಗ್ಗಿದೆ. ಅಕ್ಕಿಕಾಳಿಗಿಂತ ತುಸು ದೊಡ್ಡ ಮರಿ, ಕೊಂಡಿ ಎತ್ತಿತು. ಹುಟ್ಟಿದ ಹೊಸದರಲ್ಲಿ, ತಾಯಿಯ ಬೆನ್ನ ಮೇಲಿರುವಾಗ ಮರಿಗಳು ಅಷ್ಟಾಗಿ ಹೊಳೆಯುವುದಿಲ್ಲ. ಮೊದಲ ಪೊರೆ ಬಿಟ್ಟ ಮೇಲೆಯೇ ಹೊಳಪು, ಆಮೇಲೆ ಕೆಳಗಿಳಿಯುತ್ತವೆ. ಅಂದರೆ ಇಳಿದು ಹೆಚ್ಚು ದಿನವಾಗಿಲ್ಲ, ದೂರದಿಂದ ಬಂದದ್ದೂ ಅಲ್ಲ. ಒಂದಿದ್ದರೆ ಇಪ್ಪತ್ತು ಮೂವತ್ತು ಇರಬೇಕು. ಬಚ್ಚಲಮನೆಯಲ್ಲಿ ಸ್ವಿಚ್ ಬೋರ್ಡೇ ಇಲ್ಲ.

ನಾಳೆ ಹಂಡೆ ಒಲೆ ಕೀಳುತ್ತೇನೆ. ಕೈಗೆ ಗ್ಲೌಸ್ ಹಾಕಿಕೊಂಡು.