ದಸರಾ ಆಹಾರ ಮೇಳಕ್ಕೆ ಗದಗಿನ ದೋಸ್ತನ್ನ ಕರ್ಕೊಂಡು ಹೋದಾಗ

ದಸರಾಕ್ಕೆ ಮೈಸೂರಿಗೆ ಹೋಗ್ಬೇಕು ಅಂದ್ರೆ ಎಲ್ರೂ ಜಂಬೂ ಸವಾರಿ ದಿನಾನೇ ಹೋಗ್ಬೇಕು ಅಂತಾರೆ. ನನ್ನ ಕೇಳಿದ್ರೆ ಅದು ದೊಡ್ಡ ತಲೆನೋವು ಕಣ್ರೀ, ಬೆಳಿಗ್ಗೇನೇ ಸಯ್ಯಾಜಿರಾವ್ ರಸ್ತೆ ಪಕ್ಕ ಜಾಗ ಹಿಡ್ಕೊಂಡು, ಬಿಸಿಲಲ್ಲಿ ಒಣಗಿ, ಕೊನೆಗೆ ನಮ್ಗೆ ಕಾಣೋದು ಮುಂದೆ ನಿಂತಿರೋರ ತಲೆ ಮತ್ತೆ ಅವ್ರು ಮೇಲೆತ್ತಿರೋ ಮೊಬೈಲು ಅಷ್ಟೇ. ಆನೆನೂ ಅದರ ಮೇಲಿರೋ 750 ಕೆಜಿ ಅಂಬಾರಿನೂ ಟಿವಿಯಲ್ಲೇ ನೀಟಾಗಿ ಕಾಣುತ್ತೆ. ನಾನಾದ್ರೆ ಹೇಳೋದು ನವರಾತ್ರಿ ಮಧ್ಯದಲ್ಲಿ ಯಾವ್ದಾದ್ರೂ ವಾರದ ದಿನ, ಸಂಜೆ ಹೊತ್ತಿಗೆ, ಖಾಲಿ ಹೊಟ್ಟೇಲಿ ಹೋಗಿ ಅಂತ. 2025ರಲ್ಲಂತೂ ತಿಥಿ ಲೆಕ್ಕದಲ್ಲಿ ದಸರಾ 11 ದಿನ ಬಂದಿತ್ತು, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರ ತನಕ, ಸೋ ರಜೆ ಹಾಕಕ್ಕೆ ಆಯ್ಕೆ ಜಾಸ್ತಿನೇ ಇತ್ತು.

ಜೊತೆಗೆ ಬಂದಿದ್ದು ಆಫೀಸಲ್ಲಿ ಪಕ್ಕದ ಸೀಟಿನ ದೋಸ್ತು, ಗದಗಿನೋನು. ಬೆಂಗಳೂರಿಗೆ ಬಂದು ವರ್ಷಗಳೇ ಆಗಿದ್ರೂ ದಸರಾ ಮಾತ್ರ ನೋಡಿರ್ಲಿಲ್ಲ. ಅರಮನೆ, ಆನೆ, ದೀಪಾಲಂಕಾರ ಅಂತ ನಾನು ಏನೇನೋ ಹೇಳಿದ್ರೂ ಅವನು ಕೇಳಿದ್ದು ಒಂದೇ, "ಅದೆಲ್ಲಾ ಇರ್ಲಿ, ತಿನ್ನಾಕ ಏನೈತಿ ಅಲ್ಲಿ?" ಆಹಾರ ಮೇಳ ಇದೆ ಅಂದೆ. ಬ್ಯಾಗು ರೆಡಿ ಆಯ್ತು.

ಮಧ್ಯಾಹ್ನದ ಟ್ರೈನು ಹಿಡಿದ್ವಿ, ದಸರಾ ಟೈಮಲ್ಲಿ ಜನರಲ್ ಬೋಗಿ ಹೆಂಗಿರುತ್ತೆ ಅಂತ ಗೊತ್ತಲ್ಲ, ರಾಮನಗರದ ತನಕ ಒಂಟಿ ಕಾಲು, ಚನ್ನಪಟ್ಟಣದ ಹತ್ರ ಎರಡನೇ ಕಾಲಿಗೆ ಜಾಗ ಸಿಕ್ತು. ಮದ್ದೂರು ಬರ್ತಿದ್ದಂಗೆ ವಡೆ ಮಾರೋರು ಬಂದ್ರು. ಇವನು ವಡೆ ಅಂದ್ರೆ ಉದ್ದಿನ ವಡೆ ಅನ್ಕೊಂಡಿದ್ದ, ಕೈಗೆ ಬಂದಿದ್ದು ಚಪ್ಪಟೆ, ಗರಿಗರಿ, ಈರುಳ್ಳಿ ತುಂಬಿದ್ದು, "ಇದು ನಿಪ್ಪಟ್ಟಿನ ಅಣ್ಣ ಇದ್ದಂಗೈತಲ್ಲೋ" ಅಂದ. ಮೇಳಕ್ಕೆ ಹೊಟ್ಟೆ ಉಳಿಸ್ಕೋ ಅಂತ ನಾನು ಬಡ್ಕೊಂಡ್ರೂ ಕೇಳ್ದೆ ಇನ್ನೊಂದು ತಗೊಂಡ.

ಮೈಸೂರು ಸ್ಟೇಷನ್ನಲ್ಲಿ ಇಳಿದ್ರೆ ಆಟೋ ಏನೂ ಬೇಡ. ಜೆಎಲ್‌ಬಿ ರಸ್ತೆ ಹಿಡ್ಕೊಂಡು ಮೆಟ್ರೋಪೋಲ್ ಸರ್ಕಲ್ ದಾಟಿ ಸೀದಾ ನಡೆದ್ರೆ ಮಹಾರಾಜ ಕಾಲೇಜು ಮೈದಾನ. ಆಹಾರ ಮೇಳ ಮುಂಚೆ ಸ್ಕೌಟ್ಸ್ ಅಂಡ್ ಗೈಡ್ಸ್ ಮೈದಾನದಲ್ಲಿ ಆಗ್ತಿತ್ತು, ಆಮೇಲೆ ಇಲ್ಲಿಗೆ ಬಂತು. ಮಹಾರಾಜ ಕಾಲೇಜು ಮೈದಾನ ಅಂದ್ರೆ ನಮ್ ಕಾಲದೋರಿಗೆ ಯುವ ದಸರಾನೇ ನೆನಪಾಗೋದು, ಅದು ಈಗ ಉತ್ತನಹಳ್ಳಿ ಕಡೆ ಹೋಗಿದೆ, ಹಾಡು ಕುಣಿತ ಎಲ್ಲಾ ಊರಾಚೆ, ಊಟ ಮಾತ್ರ ಊರೊಳಗೆ. ನನಗೇನೋ ಇದೇ ಸರಿ ಅನ್ಸುತ್ತೆ. ಕುವೆಂಪು ಓದಿ, ಪಾಠನೂ ಮಾಡಿದ ಕಾಲೇಜು ಇದು ಅಂತ ದೋಸ್ತಿಗೆ ಹೇಳ್ದೆ. ಒಂದ್ನಿಮಿಷ ಗೌರವದಿಂದ ಕಟ್ಟಡದ ಕಡೆ ನೋಡ್ದ, ಅಷ್ಟರಲ್ಲಿ ಗಾಳಿ ಈ ಕಡೆ ತಿರುಗಿ ಸುಟ್ಟ ಮಾಂಸದ ವಾಸನೆ ಬಂತು, ಗೌರವ ಅಲ್ಲಿಗೇ ಮುಗೀತು.

ಒಳಗೆ ಹೋದ ತಕ್ಷಣ ಕಾಣೋ ಅಂಗಡಿಗಳಲ್ಲಿ ನಿಲ್ಲಬೇಡಿ. ಗೋಬಿ ಮಂಚೂರಿ, ಡೆಲ್ಲಿ ಹಪ್ಪಳ, ಬಾಂಬೆ ಮಿಠಾಯಿ, ಬಣ್ಣದ ಸೋಡಾ, ಇವೆಲ್ಲಾ ಯಾವ ಊರಿನ ಜಾತ್ರೇಲೂ ಸಿಗುತ್ತೆ. ಜನ ಮಾತ್ರ ಅಲ್ಲೇ ಜಾಸ್ತಿ, ಯಾಕೋ ಗೊತ್ತಿಲ್ಲ, ಇಷ್ಟು ದೂರ ಬಂದು ನಮ್ ಬೀದಿ ಕೊನೇಲಿ ಸಿಗೋದನ್ನೇ ಪ್ಲೇಟಲ್ಲಿ ಹಿಡ್ಕೊಂಡಿರ್ತಾರೆ. ದಾವಣಗೆರೆ ಬೆಣ್ಣೆ ದೋಸೆ ಕಾವಲಿ ಹತ್ರ ದೊಡ್ಡ ಕ್ಯೂ, ಕೊಡಗಿನ ಕಡಂಬುಟ್ಟು, ಮಂಗಳೂರು ಕಡೆಯ ನೀರ್ ದೋಸೆ, ಮಂಡ್ಯ ಕಡೆಯ ಮುದ್ದೆ ನಾಟಿ ಕೋಳಿ ಸಾರು, ಒಂದೊಂದು ಕಡೆಯಿಂದ ಒಂದೊಂದು ವಾಸನೆ, ತಲೆ ಕೆಡುತ್ತೆ. ನಾವು ಹುಡುಕ್ತಿದ್ದಿದ್ದು ಹೊಗೆ. ಹೊಗೆ ಎಲ್ಲಿಂದ ಬರ್ತಿದೆ ಅಂತ ನೋಡ್ಕೊಂಡು ಹೋದ್ರೆ ಬಂಬೂ ಬಿರಿಯಾನಿ ಸಿಗುತ್ತೆ.

ಇದು ಈ ಮೇಳದ ಸ್ಟಾರು. ಎಚ್.ಡಿ. ಕೋಟೆ, ಹುಣಸೂರು ಕಡೆ ಕಾಡಂಚಿನ ಹಾಡಿಗಳ ಆದಿವಾಸಿಗಳು ಬಂದು ಮಾಡ್ತಾರೆ. ಪಾತ್ರೆ ಅನ್ನೋದೇ ಇಲ್ಲ. ಹಸಿ ಬಿದಿರನ್ನ ಗಿಣ್ಣು ನೋಡ್ಕೊಂಡು ಕಡೀತಾರೆ, ಒಂದು ತುದಿ ಗಿಣ್ಣಿಂದ ಮುಚ್ಚಿರುತ್ತೆ, ಇನ್ನೊಂದು ತುದಿಯಿಂದ ಅಕ್ಕಿ, ಮಸಾಲೆ ಕಲಸಿದ ಕೋಳಿ ತುಂಬಿ, ಬಾಯಿಗೆ ಎಲೆ ತುರುಕಿ, ಸಾಲಾಗಿ ಬೆಂಕಿಗೆ ಒರಗಿಸಿಡ್ತಾರೆ. ಹಸಿ ಬಿದಿರಲ್ಲಿ ನೀರಿನಂಶ ಇರೋದ್ರಿಂದ ಹೊರಗೆ ಸುಟ್ಟು ಕಪ್ಪಾದ್ರೂ ಒಳಗಡೆ ಅಕ್ಕಿ ಸೀದು ಹೋಗಲ್ಲ, ಆ ಹಬೆಯಲ್ಲೇ ಬೇಯುತ್ತೆ, ಎಣ್ಣೆ ಹಾಕೋದೇ ಇಲ್ವಂತೆ. ಒಬ್ರು ಅಣ್ಣ ಕೈಯಲ್ಲಿ ಕೋಲು ಹಿಡ್ಕೊಂಡು ಆಗಾಗ ತಿರುಗಿಸ್ತಾ ಇದ್ರು, ಬೆಂದಿದ್ದು ಹೆಂಗೆ ಗೊತ್ತಾಗುತ್ತೆ ಅಂತ ಕೇಳಿದ್ರೆ ವಾಸನೆ ಹೇಳುತ್ತೆ ಅಂದ್ರು ಅಷ್ಟೇ, ಮತ್ತೆ ಬೆಂಕಿ ಕಡೆ ತಿರುಗಿದ್ರು. ಅವ್ರಿಗೆ ನಮ್ ಪ್ರಶ್ನೆಗಿಂತ ಆ ಸಾಲು ಮುಖ್ಯ, ಕಾಯ್ತಿರೋರು ಅಷ್ಟಿದ್ರು.

ನಮ್ಮ ಸರದಿ ಬರೋ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಕತ್ತಿಯಿಂದ ಒಂದೇಟು, ಬಿದಿರು ಎರಡು ಸೀಳು, ಎಲೆ ಮೇಲೆ ಉರುಟಾಗಿ ಬಿತ್ತು ಅನ್ನ. ಹೋಟ್ಲು ಬಿರಿಯಾನಿ ತರ ಅಂದ್ಕೊಂಡು ತಿಂದ್ರೆ ನಿರಾಸೆ ಆಗುತ್ತೆ, ಉದುರು ಉದುರಾಗಿರಲ್ಲ, ಮೆತ್ತಗೆ ಅಂಟ್ಕೊಂಡಿರುತ್ತೆ, ತುಪ್ಪ ಗಿಪ್ಪ ಏನಿಲ್ಲ, ಆದ್ರೆ ಒಂದು ಹಸಿ ಬಿದಿರಿನ ಘಮ ಇದೆಯಲ್ಲ, ಸ್ವಲ್ಪ ಹೊಗೆ, ಸ್ವಲ್ಪ ಸಿಹಿ, ಅದು ಬೇರೆ ಎಲ್ಲೂ ಬರಲ್ಲ. ದೋಸ್ತು ಮೊದಲ ತುತ್ತು ಬಾಯಿಗಿಟ್ಟು ಸುಮ್ನಾದ. ಇವನು ಸುಮ್ನಾಗೋದು ಅಪರೂಪ. ಆಮೇಲೆ "ಖಾರ ಕಮ್ಮಿ ಐತಿ, ಆದ್ರ ಭಾರಿ ಐತಿ" ಅಂತ ತೀರ್ಪು ಬಂತು.

ಅಲ್ಲೇ ಮಾಕಳಿ ಬೇರಿನ ಟೀ ಕೊಡ್ತಿದ್ರು. ನಮ್ ಕಡೆ ಅಜ್ಜಿಯಂದಿರು ಮಾಕಳಿ ಬೇರಿನ ಉಪ್ಪಿನಕಾಯಿ ಹಾಕ್ತಿದ್ರು, ಆ ಭರಣಿ ಮುಚ್ಚಳ ತೆಗೆದ್ರೆ ಇಡೀ ಮನೆಗೆ ಗೊತ್ತಾಗ್ತಿತ್ತು, ಅದೇ ವಾಸನೆ ಟೀನಲ್ಲಿ ಬಂದ್ರೆ ಹೆಂಗಿರ್ಬೇಡ. ನನಗೆ ಇಷ್ಟ ಆಯ್ತು. ಅವನು ಒಂದು ಗುಟುಕು ಕುಡಿದು ಲೋಟನ ನನ್ ಕಡೆ ತಳ್ಳಿದ, "ಔಷಧ ಕುಡ್ಯಾಕ ಇಲ್ಲಿಗಂಟ ಬರಬೇಕಿತ್ತೇನ್ಲೇ".

ಆಮೇಲೆ ಶುರುವಾಯ್ತು ನೋಡಿ ಅಸಲಿ ಕಥೆ. ಉತ್ತರ ಕರ್ನಾಟಕ ಊಟ ಅಂತ ಬೋರ್ಡು ಕಂಡಿದ್ದೇ ತಡ, ಇವನು ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರ್ ತರ ನಡೆದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಈರುಳ್ಳಿ. ರೊಟ್ಟಿನ ಎತ್ತಿ ಬೆಳಕಿಗೆ ಹಿಡಿದು ನೋಡ್ದ. "ದಪ್ಪ ಐತಿ. ನಮ್ಮವ್ವ ನೋಡಿದ್ರ ನಗ್ತಾಳ." ಎಣ್ಣೆಗಾಯಿ ಪಾಸು, ಗುರೆಳ್ಳು ಡಿಸ್ಟಿಂಕ್ಷನ್ನು, ರೊಟ್ಟಿ ಮಾತ್ರ ಜಸ್ಟ್ ಪಾಸು. ಹಿಂದ್ಗಡೆ ಒಬ್ರು ಅಕ್ಕ ರೊಟ್ಟಿ ಬಡೀತಾ ಕೂತಿದ್ರು, ಇವನ ಮಾತು ಅವ್ರ ಕಿವಿಗೆ ಬಿತ್ತು, ಯಾವೂರು ತಮ್ಮಾ ಅಂದ್ರು. ಗದಗ ಅಂದ. ಅವ್ರು ಬಾಗಲಕೋಟಿ ಕಡೆಯೋರು. ಮುಗೀತು, ನಾನು ಅಲ್ಲಿ ಇದ್ದೀನೋ ಇಲ್ವೋ ಅನ್ನೋದೂ ಇಬ್ರಿಗೂ ನೆನಪಿಲ್ಲ. ಇಲ್ಲಿನೋರು ದಪ್ಪ ರೊಟ್ಟಿನೇ ಕೇಳ್ತಾರೆ, ತೆಳ್ಳಗೆ ಮಾಡಿದ್ರೆ ಹಪ್ಪಳ ಕೊಟ್ರಿ ಅಂತಾರೆ ಅಂತ ಅವ್ರ ಗೋಳು. ಅಕ್ಕ ಇವನಿಗೋಸ್ಕರ ಹಿಟ್ಟು ತಗೊಂಡು, ಪಟ ಪಟ ಪಟ ಅಂತ ಬಡಿದು, ಕಾಗದದಷ್ಟು ತೆಳುವಾಗಿ ಒಂದು ರೊಟ್ಟಿ ಬೇಯಿಸಿ ಕೊಟ್ರು, ದುಡ್ಡು ತಗೊಳ್ಳಲಿಲ್ಲ, ಮೇಲೆ ಒಂದು ಮುಷ್ಟಿ ಶೇಂಗಾ ಚಟ್ನಿನೂ ಕಾಗದದಲ್ಲಿ ಕಟ್ಟಿಕೊಟ್ರು. ಆ ರೊಟ್ಟಿಯಲ್ಲಿ ನನಗೆ ಸಿಕ್ಕಿದ್ದು ಅಂಚಿನ ಒಂದು ಚೂರು. ಅಲ್ಲಿ ತನಕ ನಾನು ತಿಂದಿದ್ದ ಜೋಳದ ರೊಟ್ಟಿಗಳೆಲ್ಲಾ ಏನು ಅಂತ ಆಗ ಡೌಟು ಬಂತು.

ಅಷ್ಟೊತ್ತಿಗೆ ಸ್ಟೇಜ್ ಕಡೆಯಿಂದ ಗಲಾಟೆ. ಮುದ್ದೆ ತಿನ್ನೋ ಸ್ಪರ್ಧೆ. ಸಣಕಲು ಹುಡುಗ ಒಬ್ಬ ಮುದ್ದೆನ ಅಗೀದೇ ನುಂಗ್ತಾ ಇದ್ರೆ ಪಕ್ಕದಲ್ಲಿ ಕೂತ ಗಟ್ಟಿಮುಟ್ಟು ಯಜಮಾನ್ರು ನೀರು ಕುಡೀತಾ ಕೂತಿದ್ರು, ನೀರು ಕುಡಿದೋರು ಸೋಲ್ತಾರೆ ಅಂತ ನನ್ ಪಕ್ಕದಲ್ಲಿ ನಿಂತಿದ್ದ ಅಜ್ಜ ಮುಂಚೇನೇ ಹೇಳಿದ್ರು, ಹಂಗೇ ಆಯ್ತು. ನನ್ನ ದೋಸ್ತು ಮುದ್ದೆ ನುಂಗೋದನ್ನ ಇಷ್ಟು ಹತ್ರದಿಂದ ನೋಡಿದ್ದು ಅವತ್ತೇ, ಕಣ್ಣು ಮಿಟುಕಿಸಲಿಲ್ಲ.

ಹೊಟ್ಟೆ ಭಾರ ಇಳಿಸ್ಕೊಳ್ಳೋಕೆ ಅರಮನೆ ತನಕ ನಡೆದೇ ಹೋದ್ವಿ. ದಾರಿ ಉದ್ದಕ್ಕೂ ದೀಪಾಲಂಕಾರ, ಸರ್ಕಲ್‌ಗೊಂದು ಆಕೃತಿ, ಪ್ರತಿ ಸರ್ಕಲ್ಲಲ್ಲೂ ಸೆಲ್ಫಿ ತೆಗೆಯೋರಿಂದ ಟ್ರಾಫಿಕ್ ಜಾಮು. ಬೇರೆ ದಿನಗಳಲ್ಲಿ ಅರಮನೆಗೆ ಪೂರ್ತಿ ದೀಪ ಹಾಕೋದು ಮುಖ್ಯವಾಗಿ ಭಾನುವಾರ, ಸರ್ಕಾರಿ ರಜೆ ದಿನ, ಅದೂ ಸ್ವಲ್ಪ ಹೊತ್ತು, ದಸರಾದಲ್ಲಿ ದಿನಾ ಸಂಜೆ. ಹತ್ತಿರ ಹತ್ತಿರ 1 ಲಕ್ಷ ಬಲ್ಬು. ರಸ್ತೆ ತುಂಬಾ ಮಿನುಗೋ ಎಲ್‌ಇಡಿ ನೋಡ್ಕೊಂಡು ಬಂದು ಇಲ್ಲಿ ಆ ಹಳೇ ಕಾಲದ ಹಳದಿ ಬೆಳಕು ನೋಡಿದ್ರೆ ಕಣ್ಣಿಗೇ ಒಂತರಾ ಆರಾಮು. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿ ಮದುವೆ ಟೈಮಲ್ಲಿ ಸುಟ್ಟು ಹೋಗಿ, ಆಮೇಲೆ ಹೆನ್ರಿ ಇರ್ವಿನ್ ಪ್ಲಾನ್ ಹಾಕಿ 1912ಕ್ಕೆ ಇದು ಮುಗೀತು ಅಂತ ಹೇಳ್ದೆ. ಇವನು ಕೇಳಿದ್ದು, ಆ ಮದುವಿ ಊಟ ಏನಾತು ಅಂತ.

ಮೈಸೂರು ಪಾಕು ತಗೊಳ್ದೆ ಹೋಗೋ ಹಂಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪ ಇದನ್ನ ಮಾಡಿದ್ದು ಅಂತಾರೆ, ಅವ್ರ ವಂಶದೋರ ಅಂಗಡಿ ಈಗ್ಲೂ ದೇವರಾಜ ಮಾರ್ಕೆಟ್ ಹತ್ರ ಸಯ್ಯಾಜಿರಾವ್ ರಸ್ತೇಲಿದೆ. ಬಾಗಿಲು ಹಾಕೋದ್ರೊಳಗೆ ಓಡಿ ಹೋಗಿ ಒಂದು ಡಬ್ಬ ತಗೊಂಡ್ವಿ. ಬಾಯಲ್ಲಿಟ್ರೆ ಕರಗೋ ತುಪ್ಪದ ಮುದ್ದೆ ಅಲ್ಲ ಇದು, ಸ್ವಲ್ಪ ಗಟ್ಟಿ, ಒಳಗೆ ಸಣ್ಣ ಸಣ್ಣ ತೂತು, ನನಗೆ ಇದೇ ಸರಿಯಾದ್ದು.

ರಾತ್ರಿ ಬಸ್ಸಲ್ಲಿ ಡಬ್ಬ ಓಪನ್ ಆಯ್ತು, ಜಗಳನೂ ಓಪನ್ ಆಯ್ತು. ಧಾರವಾಡ ಪೇಡೆ ಮುಂದೆ ಇದು ಏನೂ ಅಲ್ಲ, ನಮ್ ಪೇಡೆಗೆ ಜಿಐ ಟ್ಯಾಗ್ (ಇದು ಈ ಊರಿಂದೇ ಅಂತ ಕೊಡೋ ಸರ್ಕಾರಿ ಗುರುತು) ಐತಿ ಗೊತ್ತೇನು ಅಂದ. ನಮ್ ಕಡೆಗೂ ಇದೆ ಅಂತ ನಾನು ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಅಂತ ಬೆರಳು ಮಡಚಿ ಎಣಿಸಿದೆ. "ಎಲಿ ಹೂವ ಬ್ಯಾಡ, ಸ್ವೀಟ್ ಹೇಳು." ಮಾತಾಡ್ತಾನೇ ಅರ್ಧ ಡಬ್ಬ ಖಾಲಿ ಮಾಡ್ದ. ಮಂಡ್ಯ ದಾಟಿದ್ಮೇಲೆ ಮದ್ದೂರಲ್ಲಿ ಬಸ್ ನಿಲ್ಸಿ ವಡೆ ತಗೊಳ್ಳೋಣ ಅಂತ ಶುರು ಮಾಡಿದ, ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಈ ಬಸ್ಸುಗಳು ಊರೊಳಗೆ ಹೋಗಲ್ಲ ಕಣೋ, ಬೈಪಾಸಲ್ಲೇ ಹಾರಿ ಹೋಗುತ್ತೆ ಅಂದ್ರೆ ನಂಬಲಿಲ್ಲ, ಎದ್ದು ಹೋಗಿ ಡ್ರೈವರ್‌ನೇ ಕೇಳ್ದ. ಡ್ರೈವರ್ ಕನ್ನಡಿಯಲ್ಲಿ ಇವನನ್ನ ಒಂದ್ಸಲ ನೋಡಿ, "ಊಟ ಆಗಿಲ್ವಾ ಸಾರ್?" ಅಂದ್ರು.