ಚೆಕ್ ಹಳ್ಳಿಗಳ ಮಸೊಪುಸ್ತ್: ಮನೆ ಮನೆಗೆ ಬರುವ ವೇಷಗಳನ್ನು ನೋಡಲು ಹೋಗುವವರಿಗೆ

ಚೆಕ್ ದೇಶದ ಕಾರ್ನಿವಲ್ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಪ್ರಾಗ್. ವೆನಿಸ್ ಶೈಲಿಯ ಮುಖವಾಡಗಳು, ಉದ್ದ ಗೌನುಗಳು, ಟಿಕೆಟ್ ಇಟ್ಟ ನೃತ್ಯಕೂಟಗಳು. ನೋಡಲು ಚೆನ್ನಾಗಿಯೇ ಇರುತ್ತವೆ. ಆದರೆ ಚೆಕ್ ಜನ ತಲೆತಲಾಂತರದಿಂದ ನಡೆಸಿಕೊಂಡು ಬಂದ ಮಸೊಪುಸ್ತ್ ಅದಲ್ಲ. ಅದು ಇರುವುದು ಹಳ್ಳಿಗಳಲ್ಲಿ. ಬೆಳಿಗ್ಗೆಯೇ ವೇಷ ಕಟ್ಟಿಕೊಂಡ ಗಂಡಸರು ವಾದ್ಯದವರ ಜೊತೆ ಹೊರಟು, ಒಂದೊಂದೇ ಮನೆಯ ಮುಂದೆ ನಿಂತು ಕುಣಿಯುತ್ತಾರೆ. ನಮ್ಮ ಕರಾವಳಿಯಲ್ಲಿ ದಸರಾ ಹೊತ್ತಿಗೆ ಹುಲಿವೇಷದ ತಂಡ ತಾಸೆ ಬಡಿಯುತ್ತಾ ಮನೆಯಂಗಳಕ್ಕೆ ಬರುತ್ತದಲ್ಲ, ಹಾಗೆ. ಹೋಗುವುದಾದರೆ ಮನೆ ಮನೆಗೆ ಹೋಗುವ ಮೆರವಣಿಗೆಗೇ ಹೋಗಿ. ವೇದಿಕೆ, ಮೈಕು, ಅಂಗಡಿಸಾಲು ಮಾತ್ರ ಇರುವ ಕಾರ್ಯಕ್ರಮಕ್ಕಾಗಿ ಅಷ್ಟು ದೂರ ಹೋಗುವುದು ಬೇಡ.

ಮೊದಲು ದಿನ ಗೊತ್ತುಮಾಡಿಕೊಳ್ಳಬೇಕು. ಮಸೊಪುಸ್ತ್ ಕಾಲ ಜನವರಿ 6ರ ನಂತರ ಶುರುವಾಗಿ ಬೂದಿ ಬುಧವಾರಕ್ಕೆ ಮುಗಿಯುತ್ತದೆ. ಆಮೇಲೆ ಈಸ್ಟರ್‌ವರೆಗೆ ಕ್ರೈಸ್ತರ ಉಪವಾಸದ ತಪಸ್ಸುಕಾಲ. ಈಸ್ಟರ್ ಪ್ರತಿ ವರ್ಷ ಜಾಗ ಬದಲಿಸುವುದರಿಂದ ಇದೂ ಬದಲಾಗುತ್ತದೆ. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ, 2028ರಲ್ಲಿ ಮಾರ್ಚ್ 1ಕ್ಕೆ. ಹಿಂದೆಲ್ಲ ಅದರ ಹಿಂದಿನ ಭಾನುವಾರ, ಸೋಮವಾರ, ಮಂಗಳವಾರವೇ ಹಬ್ಬದ ದಿನಗಳು. ಈಗ ಜನ ಕೆಲಸಕ್ಕೆ ಹೋಗಬೇಕಲ್ಲ, ಹಾಗಾಗಿ ಹೆಚ್ಚಿನ ಹಳ್ಳಿಗಳು ಶನಿವಾರ ಇಟ್ಟುಕೊಳ್ಳುತ್ತವೆ. ಕೆಲವು ಹಳ್ಳಿಗಳು ಒಂದೆರಡು ವಾರ ಮುಂಚೆಯೇ ಮುಗಿಸಿಬಿಡುತ್ತವೆ. ಬೂದಿ ಬುಧವಾರದ ಲೆಕ್ಕ ಒಂದನ್ನೇ ನಂಬಿ ವಿಮಾನದ ಟಿಕೆಟ್ ಮಾಡಿಸಬೇಡಿ. ಹಳ್ಳಿಯ ಪಂಚಾಯ್ತಿ ವೆಬ್‌ಸೈಟಿನಲ್ಲಿ ಪೋಸ್ಟರ್ ಹಾಕುತ್ತಾರೆ, ಆದರೆ ಅದು ಬರುವುದು ತಡ. ಮುಂಚೆಯೇ ಒಂದು ಚಿಕ್ಕ ಇಮೇಲ್ ಬರೆದು ದಿನ ಮತ್ತು ಹೊರಡುವ ಹೊತ್ತು ಕೇಳುವುದು ಒಳ್ಳೆಯದು. ಅನುವಾದದ ಆ್ಯಪ್‌ನಲ್ಲಿ ಚೆಕ್ ಭಾಷೆಗೆ ತಿರುಗಿಸಿಯೇ ಕಳಿಸಿ.

ಒಂದೇ ಕಡೆ ಹೋಗಲು ಸಾಧ್ಯ ಅನ್ನುವವರಿಗೆ ನಾನು ಹೇಳುವುದು ಹ್ಲಿನ್ಸ್ಕೊ. ಪೂರ್ವ ಬೊಹೀಮಿಯಾದ ಸಣ್ಣ ಊರು. ಈ ಊರು ಮತ್ತು ಸುತ್ತಲಿನ ಆರು ಹಳ್ಳಿಗಳ ಮೆರವಣಿಗೆಯನ್ನು 2010ರಲ್ಲಿ ಯುನೆಸ್ಕೊ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಹಮ್ರಿ, ಸ್ತುದ್ನಿತ್ಸೆ, ವೊರ್ತೊವಾ ಇಲ್ಲಿನ ಹೆಸರಾದ ಹಳ್ಳಿಗಳು. ಪ್ರಾಗ್‌ನಿಂದ ಪಾರ್ದುಬಿತ್ಸೆಗೆ ರೈಲಿನಲ್ಲಿ ಒಂದು ಗಂಟೆ. ಅಲ್ಲಿ ಇಳಿದು ಸಣ್ಣ ರೈಲು ಹತ್ತಿದರೆ ಹ್ಲಿನ್ಸ್ಕೊ. ಹಿಂದಿನ ರಾತ್ರಿ ಅಲ್ಲೇ ಉಳಿದುಕೊಳ್ಳಿ. ಶನಿವಾರ, ಭಾನುವಾರ ಹಳ್ಳಿ ಬಸ್ಸುಗಳು ತೀರಾ ಕಡಿಮೆ. ಹೋಗುವ ಬಸ್ಸಿನ ಜೊತೆ ವಾಪಸ್ ಬರುವ ಬಸ್ಸನ್ನೂ ಇದೊಸ್ ಆ್ಯಪ್‌ನಲ್ಲಿ ನೋಡಿಕೊಂಡೇ ಹೊರಡಿ. ಕಾಲುದಾರಿಗಳಿಗೆ ಚೆಕ್ ಜನರದ್ದೇ ಆದ ಮಾಪಿ ಆ್ಯಪ್ ಬಹಳ ಚೆನ್ನಾಗಿದೆ.

ಮೆರವಣಿಗೆ ಹೊರಡುವ ಹೊತ್ತಿಗೇ ಹಳ್ಳಿ ಸೇರಿಕೊಳ್ಳಿ. ಬಂದವರಲ್ಲಿ ತುಂಬಾ ಜನ ಮಧ್ಯಾಹ್ನ ಕೊನೆಯ ಆಟಕ್ಕೆ ಬಂದು, ಫೋಟೊ ತೆಗೆದು ಹೋಗುತ್ತಾರೆ. ನನಗೆ ಮನಸ್ಸಿನಲ್ಲಿ ಉಳಿದದ್ದು ಬೆಳಗಿನ ಹೊತ್ತು. ಜನ ಕಡಿಮೆ, ಹಿಮ ಇನ್ನೂ ಗಟ್ಟಿ, ಮನೆಯವರು ಬಾಗಿಲಲ್ಲಿ ತಟ್ಟೆ ಹಿಡಿದು ಕಾಯುತ್ತಿರುತ್ತಾರೆ. ಮುಂದೆ ಬರುವವನು ಲೌಫ್ರ್ ಅನ್ನುವ ವೇಷದವನು. ಕುಣಿಯಬಹುದೇ ಅಂತ ಯಜಮಾನನ ಅಪ್ಪಣೆ ಕೇಳುತ್ತಾರೆ. ಹೂಂ ಅಂದ ಮೇಲೆಯೇ ತುರ್ಕರ ವೇಷದ ನಾಲ್ವರು ಸುತ್ತು ಕಟ್ಟಿ ಕುಣಿಯುತ್ತಾರೆ. ಎತ್ತರಕ್ಕೆ ಹಾರಿದಷ್ಟೂ ಆ ಮನೆಯ ಬೆಳೆ ಎತ್ತರ ಬರುತ್ತದೆ ಅನ್ನುವ ನಂಬಿಕೆ. ಹಾಗಾಗಿ ಯಾವ ಮನೆಯ ಮುಂದೆಯೂ ಸುಮ್ನೆ ನಾಲ್ಕು ಹೆಜ್ಜೆ ಹಾಕಿ ಹೋಗುವುದಿಲ್ಲ. ಮನೆಯವರು ತಿಂಡಿ, ಕುಡಿಯಲು ಏನಾದರೂ, ಒಂದಿಷ್ಟು ಹಣ ಕೊಡುತ್ತಾರೆ.

ವೇಷಗಳಲ್ಲಿ ಎರಡು ಗುಂಪು. ಕೆಂಪು ವೇಷ ಹುಡುಗರದು, ಕಪ್ಪು ವೇಷ ಮದುವೆಯಾದ ಗಂಡಸರದು. ಕಪ್ಪು ಗುಂಪಿನಲ್ಲಿ ಮೈತುಂಬಾ ಹುಲ್ಲು ಸುತ್ತಿಕೊಂಡವರು, ಚಿಮಣಿ ಗುಡಿಸುವವರು, ಕುದುರೆ ಎಲ್ಲ ಇರುತ್ತಾರೆ. ಚಿಮಣಿಯವರು ಸಿಕ್ಕಿದವರ ಮುಖಕ್ಕೆಲ್ಲ ಮಸಿ ಬಳಿಯುತ್ತಾರೆ, ಪರದೇಶಿ ಅಂತ ಬಿಡುವುದಿಲ್ಲ! ಹಳೆಯ ಜಾಕೆಟ್ ಹಾಕಿಕೊಳ್ಳಿ, ಕ್ಯಾಮೆರಾ ಲೆನ್ಸ್ ಮುಚ್ಚಿಟ್ಟುಕೊಳ್ಳಿ. ತುರ್ಕ, ಯಹೂದಿ ಮುಂತಾದ ಹಳೆಯ ಕಾಲದ ಪಾತ್ರಗಳೂ ಇವೆ. ಇವತ್ತಿನ ಕಣ್ಣಿಗೆ ಕೆಲವು ಇರುಸುಮುರುಸು ತರುತ್ತವೆ. ಹೋಗುವ ಮುಂಚೆ ತಿಳಿದಿರುವುದು ಒಳ್ಳೆಯದು.

ಕೊನೆಯ ಮನೆ ಮುಗಿದ ಮೇಲೆ ಕುದುರೆಯ ವಿಚಾರಣೆ. ಹೆಣ್ಣುಕುದುರೆಯ ವೇಷದವನನ್ನು ನಿಲ್ಲಿಸಿ, ಅದರ ಪಾಪಗಳ ಪಟ್ಟಿ ಓದಿ, ಮರಣದಂಡನೆ ಕೊಡುತ್ತಾರೆ. ವರ್ಷವಿಡೀ ಊರಲ್ಲಿ ನಡೆದ ಸಂಗತಿಗಳೆಲ್ಲ ಆ ಓದಿನಲ್ಲಿ ಬರುತ್ತವೆ. ಎಲ್ಲವೂ ಚೆಕ್ ಭಾಷೆಯಲ್ಲಿ, ಅದೂ ಊರವರಿಗೆ ಮಾತ್ರ ಗೊತ್ತಾಗುವ ಮಾತು. ಪಕ್ಕದಲ್ಲಿ ಇಂಗ್ಲಿಷ್ ಬರುವ ಹುಡುಗರು ಯಾರಾದರೂ ಇದ್ದರೆ ಕೇಳಿ, ಖುಷಿಯಿಂದ ಹೇಳುತ್ತಾರೆ. ಸತ್ತ ಕುದುರೆಗೆ ಹೆಂಡ ಕುಡಿಸಿ ಎಬ್ಬಿಸುತ್ತಾರೆ. ಆಮೇಲೆ ವೇಷದವರು ನೋಡುವವರನ್ನೂ ಎಳೆದುಕೊಂಡು ಕುಣಿಯುತ್ತಾರೆ. ಕರೆದರೆ ಹೋಗಿ. 18, 19ನೇ ಶತಮಾನದಲ್ಲಿ ಚರ್ಚು, 20ನೇ ಶತಮಾನದಲ್ಲಿ ಸಮಾಜವಾದಿ ಸರ್ಕಾರ ಇದನ್ನು ತಡೆಯಲು ನೋಡಿದ್ದವು. ಆದರೂ ಹಳ್ಳಿಯವರು ಬಿಡಲಿಲ್ಲ. ಅಪ್ಪ ಅಮ್ಮಂದಿರು ಈಗಲೂ ಹಳೆಯ ಮಾದರಿ ನೋಡಿ ಮಕ್ಕಳಿಗೆ ಮುಖವಾಡ ಮಾಡಿಕೊಡುತ್ತಾರೆ. ಇದು ನಮಗಾಗಿ ಇಟ್ಟ ಪ್ರದರ್ಶನ ಅಲ್ಲ, ಅವರ ಹಬ್ಬ. ಹಾಗಾಗಿ ಕುಣಿಯುವವರ ಸುತ್ತಿನೊಳಗೆ ಫೋಟೊಗೆ ನುಗ್ಗಬೇಡಿ. ಕರೆಯದೆ ಅಂಗಳ ದಾಟಿ ಒಳಗೆ ಹೋಗಬೇಡಿ. ಡಬ್ಬಿ ಹಿಡಿದು ಬಂದರೆ ಹಾಕಲು ಚಿಲ್ಲರೆ ಕೊರುನಾ ಇಟ್ಟುಕೊಂಡಿರಿ.

ಹಳ್ಳಿಯ ದಿನ ಹೊಂದಲಿಲ್ಲ ಅಂದರೆ ಹ್ಲಿನ್ಸ್ಕೊ ಹತ್ತಿರದ ವೆಸೆಲಿ ಕೊಪೆತ್ಸ್ ಬಯಲು ವಸ್ತುಸಂಗ್ರಹಾಲಯದಲ್ಲೂ ಮಸೊಪುಸ್ತ್ ಮೆರವಣಿಗೆ ನಡೆಯುತ್ತದೆ. ಹಳೆಯ ಮರದ ಮನೆಗಳ ನಡುವೆ ಚಂದ ಕಾಣುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅನುಕೂಲ. ಆದರೂ ಜನ ಬಾಳುವ ಮನೆಯ ಬಾಗಿಲಲ್ಲಿ ನಿಂತು ನೋಡುವುದೇ ಬೇರೆ, ಅಲ್ವಾ?

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇದು ಹಂದಿ ಕಡಿಯುವ ಕಾಲ. ಹಂದಿಯ ರಕ್ತ, ಈಲಿ, ತಲೆಮಾಂಸ ಎಲ್ಲದರಿಂದಲೂ ಅಡುಗೆ ಮಾಡುತ್ತಾರೆ. ಈಲಿಯ ಸಾಸೇಜು ಯಿತರ್ನಿತ್ಸೆ, ರಕ್ತದ ಸಾಸೇಜು ಯೆಲಿತೊ, ರಕ್ತ ಹಾಕಿದ ಕಪ್ಪು ಸೂಪು. ಮಾಂಸ ತಿನ್ನುವವರು ಯಿತರ್ನಿತ್ಸೆ ಬಿಸಿಬಿಸಿ ಇರುವಾಗಲೇ ತಿನ್ನಿ, ಆ ಚಳಿಗೆ ಬಹಳ ಹಿತ. ಸಸ್ಯಾಹಾರಿಗಳು ಮಾತ್ರ ತುಂಬಾ ಜಾಗ್ರತೆಯಿಂದ ಇರಬೇಕು. ಬ್ರೆಡ್ ಮೇಲೆ ಸವರಿ ಕೊಡುವುದು ಬೆಣ್ಣೆ ಅಂದುಕೊಳ್ಳಬೇಡಿ, ಹಂದಿಕೊಬ್ಬು ಇರಬಹುದು. ಹಬ್ಬದ ಸಿಹಿಗಳಾದ ಕೊಬ್ಲಿಹಿ ಅನ್ನುವ ಜಾಮ್ ತುಂಬಿದ ಡೋನಟ್ ಮತ್ತು ಬೊಜಿ ಮಿಲೊಸ್ತಿ ಅನ್ನುವ ತೆಳು ಗರಿಗರಿ ತಿಂಡಿಯನ್ನೂ ಕೆಲವರು ಅದೇ ಕೊಬ್ಬಿನಲ್ಲಿ ಕರಿಯುತ್ತಾರೆ. ಆಲೂಗಡ್ಡೆಯ ಬ್ರಂಬೊರಾಕ್ ಕೂಡ ಅಷ್ಟೆ. ‘ಬೆಸ್ ಸಾಡ್ಲಾ?’ ಅಂತ ಕೇಳಿ, ಕೊಬ್ಬಿಲ್ಲದ್ದೇ ಅಂತ ಅರ್ಥ. ಬ್ಯಾಗಲ್ಲಿ ಚಪಾತಿ, ಚಟ್ನಿಪುಡಿ ಇದ್ದರೆ ನಿಶ್ಚಿಂತೆ. ಪ್ಲಮ್ ಹಣ್ಣಿನ ಸ್ಲಿವೊವಿತ್ಸೆ ಮನೆ ಮನೆಯಲ್ಲೂ ಕೊಡುತ್ತಾರೆ, ತುಂಬಾ ಕಡಕ್. ಬೇಡದವರು ನಗುತ್ತಾ ‘ನೆಪಿಯು, ಜೆಕುಯು’ ಅಂದರೆ ಸಾಕು. ಕುಡಿಯುವುದಿಲ್ಲ, ಧನ್ಯವಾದ ಅಂದ ಹಾಗೆ.

ಬೇರೆ ಕಡೆಗಳಲ್ಲಿ ಹಬ್ಬದ ರೂಪವೇ ಬೇರೆ. ದಕ್ಷಿಣದಲ್ಲಿ ಚೆಸ್ಕೆ ಬುದ್ಯೆಯೊವಿತ್ಸೆ ಹತ್ತಿರದ ದೌದ್ಲೆಬಿ ಸೀಮೆಯಲ್ಲಿ ಕುಣಿಯುವವರ ಎತ್ತರದ ಟೋಪಿಗಳ ತುಂಬಾ ಕಾಗದದ ಹೂ. ದೇಶದ ಪೂರ್ವ ಭಾಗವಾದ ಮೊರಾವಿಯಾದ ಸ್ತ್ರಾನಿ ಹಳ್ಳಿಯಲ್ಲಿ ಇದೇ ಹಬ್ಬದ ಹೆಸರು ಫಶಂಕ್. ಅಲ್ಲಿ ಹುಡುಗರು ಮರದ ಕತ್ತಿ ಹಿಡಿದು ಕುಣಿಯುತ್ತಾರೆ. ಸ್ತ್ರಾನಿ ಸ್ಲೊವಾಕಿಯಾ ಗಡಿಯಲ್ಲಿದೆ, ಪ್ರಾಗ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಚನೆ ಬೇಡ.

ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಕೊನೆಯ ವಾರಗಳಿಗೆ ಬಿಡಬೇಡಿ. ಚಳಿ ಸೊನ್ನೆಯ ಕೆಳಗೂ ಇಳಿಯುತ್ತದೆ, ಗಂಟೆಗಟ್ಟಲೆ ಹೊರಗೇ ನಿಲ್ಲಬೇಕು. ಒಳ್ಳೆಯ ಬೂಟು ಮತ್ತು ಉಣ್ಣೆ ಕಾಲುಚೀಲಕ್ಕೆ ಖರ್ಚು ಮಾಡಿ.

ಕೆಲಸದ ಮೇಲೆ ಪ್ರಾಗ್‌ಗೆ ಹೋದವರಿಗೆ ಒಂದೇ ಶನಿವಾರ ಬಿಡುವು ಅಂದರೆ ರೊಸ್ತೊಕಿಗೆ ಹೋಗಿ. ಮಸರಿಕ್ ನಿಲ್ದಾಣದಿಂದ ಎಸ್4 ಲೋಕಲ್ ರೈಲು ಇದೆ. ಅಲ್ಲಿಂದ ಹೊರಟ ಮೆರವಣಿಗೆ ಪಕ್ಕದ ಊನ್ಯೆತಿತ್ಸೆಯಿಂದ ಬಂದವರನ್ನು ಹೊಲಗಳ ನಡುವಿನ ಗುಡ್ಡದ ಮೇಲೆ ಕೂಡಿಕೊಳ್ಳುತ್ತದೆ. ಹ್ಲಿನ್ಸ್ಕೊದಷ್ಟು ಹಳೆಯ ಕಟ್ಟುಪಾಡು ಇಲ್ಲಿಲ್ಲ. ಆದರೆ ಊರವರೇ ಸೇರಿ, ಮಕ್ಕಳು ಮರಿ ಸಮೇತ ವೇಷ ಹಾಕಿ ನಡೆಸುವ ಹಬ್ಬ. ನೀವೂ ಏನಾದರೊಂದು ವೇಷ ಹಾಕಿಕೊಂಡೇ ಹೋಗಿ, ತಕ್ಷಣ ಜೊತೆಗೆ ಸೇರಿಸಿಕೊಳ್ಳುತ್ತಾರೆ.